ವೇಗವೋ, ಬಾಳಿಕೆಯೋ? ಮೊದಲು ಮನೆ ಎಷ್ಟು ದೂರ ಎಂದು ಕೇಳಿ

ಕಳೆದ ಬೇಸಿಗೆ ರಜೆಯಲ್ಲಿ ಕಲ್ಯಾಣದುರ್ಗದ ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಒಂದು ತಕರಾರು ನನಗಾಗಿ ಕಾದಿತ್ತು. ಏಳನೇ ತರಗತಿ ಮುಗಿಸಿದ ಅಕ್ಕನ ಮಗ ಮುಖ ಊದಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಹಳೆಯ ಲ್ಯಾಪ್‌ಟಾಪ್ ಕಪಾಟಿನ ಮೇಲೆ ಏರಿತ್ತು. "ಇವನು ಆಟದಲ್ಲಿ ಸತ್ತನಂತೆ, ಅದಕ್ಕೆ ಊಟ ಬಿಟ್ಟಿದ್ದಾನೆ. ನೀನೇ ಹೇಳು, ಇದನ್ನು ಇನ್ನು ಕೆಳಗಿಳಿಸಬೇಕಾ?" ಎಂದಳು ಅಕ್ಕ.

ಆಟ ಮೈನ್‌ಕ್ರಾಫ್ಟ್. ನಮ್ಮ ಮನೆಗಳ ಮಕ್ಕಳಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ, ದೊಡ್ಡವರಿಗೆ ಎರಡು ಮಾತು. ಇಡೀ ಲೋಕ ಚೌಕಾಕಾರದ ಬ್ಲಾಕ್‌ಗಳಿಂದ ಆಗಿದೆ. ಪಿಕಾಸಿ ಹಿಡಿದು ಅಗೆಯಬೇಕು, ಸಿಕ್ಕಿದ್ದರಿಂದ ಕಟ್ಟಬೇಕು. ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆ ಮಾಡಿದ ಈ ಆಟವನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡಿತು. ಇದರಲ್ಲಿ ಪ್ರತಿ ಪಿಕಾಸಿಗೂ ಎರಡು ಲೆಕ್ಕ ಇವೆ. ಎಷ್ಟು ಬೇಗ ಅಗೆಯುತ್ತದೆ, ಎಷ್ಟು ಬ್ಲಾಕ್ ಅಗೆದ ಮೇಲೆ ಮುರಿದು ಮಾಯವಾಗುತ್ತದೆ.

ಹುಡುಗ ಮಾಡಿದ್ದಿಷ್ಟು. ಎಲ್ಲಕ್ಕಿಂತ ವೇಗದ್ದು ಚಿನ್ನದ ಪಿಕಾಸಿ ಎಂದು ಗೆಳೆಯನಿಂದ ಕೇಳಿ, ಕೂಡಿಟ್ಟ ಚಿನ್ನವನ್ನೆಲ್ಲ ಕರಗಿಸಿ ಪಿಕಾಸಿಗಳ ರಾಶಿ ಮಾಡಿಕೊಂಡು ನೆಲದಾಳಕ್ಕೆ ಇಳಿದ. ಕಬ್ಬಿಣದ ಒಂದನ್ನೂ ಒಯ್ಯಲಿಲ್ಲ. ಕೆಳಗೆ ವಜ್ರದ ಅದಿರು ಸಿಕ್ಕಿತು, ಒಡೆದ, ಏನೂ ಬೀಳಲಿಲ್ಲ. ಆಟದ ನಿಯಮ ಹಾಗಿದೆ: ವಜ್ರ ಕೈಗೆ ಬರಬೇಕಾದರೆ ಕನಿಷ್ಠ ಕಬ್ಬಿಣದ ಪಿಕಾಸಿ ಬೇಕು. ಚಿನ್ನಕ್ಕೆ ವೇಗ ಇದೆ, ಯೋಗ್ಯತೆ ಮಾತ್ರ ಮರದ ಪಿಕಾಸಿಯದ್ದೇ. ಅಷ್ಟರಲ್ಲಿ ಪಿಕಾಸಿಗಳೂ ಮುಗಿದವು. ಹೊಸದು ಮಾಡಲು ಮರದ ತುಂಡಿಲ್ಲ, ಮನೆ ದೂರ, ಕತ್ತಲೆ. ಬರಿಗೈಯಲ್ಲಿ ದಾರಿ ಹುಡುಕುತ್ತಾ ಲಾವಾದಲ್ಲಿ ಬಿದ್ದ. ಎರಡು ವಾರದ ಗಳಿಕೆ ಹೋಯಿತು.

ಅಕ್ಕನಿಗೆ ನಾನು ಹೇಳಿದ್ದು: ಲ್ಯಾಪ್‌ಟಾಪ್ ಇಳಿಸು, ಜೊತೆಗೆ ಒಂದು ನೋಟ್‌ಪುಸ್ತಕವನ್ನೂ ಕೊಡು. ಇವನು ಸೋತದ್ದು ಆಟದಲ್ಲಲ್ಲ, ಲೆಕ್ಕದಲ್ಲಿ.

ಅಂದು ಸಂಜೆ ಕುಳಿತು ಲೆಕ್ಕ ಹಾಕಿದೆವು. ಸಾಧಾರಣ ಕಲ್ಲಿನ ಒಂದು ಬ್ಲಾಕ್ ಒಡೆಯಲು ಕಲ್ಲಿನ ಪಿಕಾಸಿಗೆ 0.6 ಸೆಕೆಂಡ್, ಕಬ್ಬಿಣಕ್ಕೆ 0.4, ವಜ್ರಕ್ಕೆ 0.3, ಚಿನ್ನಕ್ಕೆ 0.2. ಬಾಳಿಕೆ ನೋಡಿದರೆ ಕಲ್ಲಿನದ್ದು 131 ಬ್ಲಾಕ್, ಕಬ್ಬಿಣ 250, ವಜ್ರ 1561, ಚಿನ್ನ ಬರೀ 32. ಈಗ 1000 ಬ್ಲಾಕ್ ಅಗೆಯಬೇಕು ಎಂದುಕೊಳ್ಳಿ. ಅಗೆಯುವ ಸಮಯವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಒಂದು ವಜ್ರದ ಪಿಕಾಸಿ 5 ನಿಮಿಷದಲ್ಲಿ ಮುಗಿಸುತ್ತದೆ. ಕಬ್ಬಿಣದವು 4 ಬೇಕು, 6 ನಿಮಿಷ 40 ಸೆಕೆಂಡ್. ಕಲ್ಲಿನವು 8, ಸಮಯ 10 ನಿಮಿಷ. ಚಿನ್ನದವು 32 ಬೇಕು, 3 ನಿಮಿಷ 20 ಸೆಕೆಂಡಿಗೇ ಕೆಲಸ ಮುಗಿಯುತ್ತದೆ.

"ನೋಡಿ ಮಾಮ, ಚಿನ್ನವೇ ಬೇಗ" ಎಂದ ಹುಡುಗ.

ಹೌದು, ಬೇಗ. ಆದರೆ ಒಂದು ಪಿಕಾಸಿಗೆ 3 ಗಟ್ಟಿಯಂತೆ 96 ಗಟ್ಟಿ ಚಿನ್ನ ಬೇಕು. ಕಬ್ಬಿಣವಾದರೆ 12 ಸಾಕು. ಆಟಗಾರನ ಚೀಲದಲ್ಲಿ ಇರುವುದು 36 ಜಾಗ. ಪಿಕಾಸಿ ಒಂದರ ಮೇಲೊಂದು ಪೇರಿಸಲು ಬರುವುದಿಲ್ಲ. 32 ಪಿಕಾಸಿ ತುಂಬಿದರೆ ಅಗೆದದ್ದನ್ನು ಹಾಕಿಕೊಳ್ಳಲು 4 ಜಾಗ ಉಳಿಯುತ್ತದೆ. ಹಾಗಾದರೆ ಒಂದೊಂದೇ ಒಯ್ದು, ಮುಗಿದಾಗ ಮನೆಗೆ ಬಂದು ಇನ್ನೊಂದು ತರೋಣವೇ? ಹೋಗಿಬರಲು 2 ನಿಮಿಷ ಹಿಡಿಯಿತು ಎನ್ನಿ. ವಜ್ರದವನು ಒಮ್ಮೆಯೂ ಬರಬೇಕಾಗಿಲ್ಲ. ಕಬ್ಬಿಣದವನು 3 ಸಲ ಬಂದು ಹೋಗಿ 13 ನಿಮಿಷದೊಳಗೆ ಮುಗಿಸುತ್ತಾನೆ. ಚಿನ್ನದವನು 31 ಸಲ ಓಡಾಡಬೇಕು. ಓಡಾಟವೇ ಒಂದು ಗಂಟೆ ದಾಟಿತು.

ಹುಡುಗ ಪೆನ್ಸಿಲ್ ಕೆಳಗಿಟ್ಟ. ನನಗೆ ಆಗ ನೆನಪಾದದ್ದು ಬಾಪ.

ನಮ್ಮ ಬಾಪ ಮಂಗಳೂರಿನ ಕಡೆಯಿಂದ ಹಿಂದೂಪುರಕ್ಕೆ ಬಂದು ಹಾರ್ಡ್‌ವೇರ್ ಅಂಗಡಿ ಇಟ್ಟವರು. ಹಿಂದೂಪುರ ಆಂಧ್ರದಲ್ಲಿದ್ದರೂ ಅಂಗಡಿಯ ಮಾತು ಅರ್ಧ ಕನ್ನಡ. ಮಡಕಶಿರಾ, ಪಾವಗಡ, ಗೌರಿಬಿದನೂರಿನ ಗಿರಾಕಿಗಳು ಬರುತ್ತಿದ್ದರು. ಮಳೆ ಕಡಿಮೆ, ನೆಲ ಗಟ್ಟಿ, ಎಲ್ಲಿ ಅಗೆದರೂ ಕಲ್ಲು. ಪಿಕಾಸಿ, ಹಾರೆ, ಸನಿಕೆ ಬಿಟ್ಟರೆ ಅಂಗಡಿಯೇ ಇಲ್ಲ. ಯಾರಾದರೂ ಪಿಕಾಸಿ ಕೇಳಿದರೆ ಬಾಪ ಬೆಲೆ ಹೇಳುವ ಮೊದಲು "ಯಾವೂರು?" ಎಂದು ಕೇಳುತ್ತಿದ್ದರು. ಗಲ್ಲಾ ಹತ್ತಿರ ಕುಳಿತ ನನಗೆ ಅದು ವ್ಯಾಪಾರಿಯ ಮಾತುಗಾರಿಕೆ ಅಂತ ಅನಿಸುತ್ತಿತ್ತು. ಹಾಗಲ್ಲ. ಹತ್ತಿರದ ಊರಿನವನಿಗೆ ಅಗ್ಗದ ಪಿಕಾಸಿ ಕೊಡುತ್ತಿದ್ದರು. ಮೊನೆ ಮೊಂಡಾದರೆ ಕಮ್ಮಾರನ ಕುಲುಮೆ ಪಕ್ಕದಲ್ಲೇ ಇದೆ, ಕಾಯಿಸಿ ಬಡಿಸಿ ಹದ ಹಾಕಿಸಿಕೊಂಡು ಸಂಜೆಯೊಳಗೆ ಕೆಲಸಕ್ಕೆ ಮರಳಬಹುದು. ದೂರದ ಊರಿನವನು, ಬಸ್ಸಿಳಿದು ಮತ್ತೆ ನಡೆಯಬೇಕಾದವನು ಬಂದರೆ ಒಳಗಿಂದ ತೂಕದ, ಬೆಲೆ ಹೆಚ್ಚಿನ ಪಿಕಾಸಿ ತರುತ್ತಿದ್ದರು. ಜೊತೆಗೆ ಇನ್ನೊಂದು ಕಾವು. "ಕಾವು ಮುರಿದರೆ ಒಂದು ದಿನದ ಕೂಲಿ ಹೋಗುತ್ತದೆ, ನನ್ನ ಲಾಭ ಅದರ ಮುಂದೆ ಎಷ್ಟು?" ಎನ್ನುತ್ತಿದ್ದರು.

ಬಾಪ ಓದಿದ್ದು ಐದನೇ ತರಗತಿ. ಅವರು ಕೇಳುತ್ತಿದ್ದ ಪ್ರಶ್ನೆಯನ್ನೇ ನಾನು ಡಿಪ್ಲೊಮಾದಲ್ಲಿ ಸೂತ್ರವಾಗಿ ಓದಿದೆ, ಪರೀಕ್ಷೆಯಲ್ಲಿ ಬರೆದೆ, ಅರ್ಥ ಮಾಡಿಕೊಳ್ಳಲಿಲ್ಲ.

ಆ ಸೂತ್ರ ಎಫ್. ಡಬ್ಲ್ಯು. ಟೇಲರ್ ಅವರದ್ದು. ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ 26 ವರ್ಷ ಲೋಹ ಕತ್ತರಿಸುವ ಪ್ರಯೋಗ ಮಾಡಿ 1906ರಲ್ಲಿ ಅವರು ಅದನ್ನು ಮಂಡಿಸಿದರು. ಕತ್ತರಿಸುವ ವೇಗ ಹೆಚ್ಚಿಸಿದಷ್ಟೂ ಉಪಕರಣದ ಆಯುಷ್ಯ ಕಡಿಮೆಯಾಗುತ್ತದೆ, ಇದು ಯಾರಿಗಾದರೂ ಗೊತ್ತು. ಟೇಲರ್ ತೋರಿಸಿದ್ದು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು. ಕಾರ್ಬೈಡ್ ತುದಿಯ ಉಪಕರಣದಲ್ಲಿ ವೇಗವನ್ನು ಕಾಲುಭಾಗ ಹೆಚ್ಚಿಸಿದರೆ ಆಯುಷ್ಯ ಕಾಲುಭಾಗ ಇಳಿಯುವುದಿಲ್ಲ. ಸುಮಾರು ನೂರಕ್ಕೆ 40ಕ್ಕೆ ಇಳಿಯುತ್ತದೆ. ಹೈಸ್ಪೀಡ್ ಸ್ಟೀಲ್ ಆದರೆ ಇನ್ನೂ ಕೆಳಗೆ, ನೂರಕ್ಕೆ 17ರ ಆಸುಪಾಸಿಗೆ. ಕಾರಣ ಬಿಸಿ. ವೇಗ ಹೆಚ್ಚಾದಂತೆ ಮೊನೆ ಕಾಯುತ್ತದೆ, ಕಾದ ಮೊನೆ ಬೇಗ ಸವೆಯುತ್ತದೆ.

ಇದನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಓದು ಮುಗಿದ ಹೊಸದರಲ್ಲಿ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ರಾತ್ರಿ ಪಾಳಿ ಮಾಡುತ್ತಿದ್ದೆ. ಬೆಳಿಗ್ಗೆಯೊಳಗೆ ಎಣಿಕೆ ಮುಗಿಸಿದರೆ ಮೇಲಿನವರ ಕಣ್ಣಿಗೆ ಬೀಳುತ್ತೇನೆ ಎಂಬ ಆಸೆ. ವೇಗವನ್ನು ಕಾಲುಭಾಗ ಏರಿಸಿದೆ. ಸಮಯ ಉಳಿಯಲಿ ಎಂದು ಮುಂದಿನ ಕವಚವನ್ನೂ ತೆರೆದೇ ಬಿಟ್ಟೆ. ಮೊದಲ ತಾಸು ಎಲ್ಲ ಸರಿಯಾಗಿತ್ತು. ಆಮೇಲೆ ತುದಿ ಸವೆದದ್ದು ನನಗೆ ಗೊತ್ತಾಗಲಿಲ್ಲ, ಒಂದು ತಟ್ಟೆ ಪೂರ್ತಿ ಅಳತೆ ಮೀರಿದ ಶಾಫ್ಟ್‌ಗಳು ತುಂಬಿದವು. ಕೊನೆಗೆ ತುದಿ ಸಿಡಿಯಿತು. ಚೂರು ಹೋಗಿ ತಗಲಿದ್ದು ನನಗಲ್ಲ, ಪಕ್ಕದಲ್ಲಿ ಚೂರು ಗುಡಿಸುತ್ತಿದ್ದ ಹುಡುಗನ ಕೆನ್ನೆಗೆ, ಕಣ್ಣಿನಿಂದ ಎರಡು ಬೆರಳು ಕೆಳಗೆ. ಅಲ್‌ಹಮ್ದುಲಿಲ್ಲಾಹ್, ಕಣ್ಣು ಉಳಿಯಿತು. ಮೂರು ಹೊಲಿಗೆ ಬಿತ್ತು. ಅವನು ಯಾರ ಬಳಿಯೂ ನನ್ನ ಹೆಸರು ಹೇಳಲಿಲ್ಲ. ಆ ವೇಗ ನನ್ನದು, ಗಾಯ ಅವನದು. ಇವತ್ತಿಗೂ ಯಾರಾದರೂ "ಸ್ವಲ್ಪ ಸ್ಪೀಡ್ ಏರಿಸು" ಎಂದರೆ ಆ ಕೆನ್ನೆ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಯಾವಾಗಲೂ ನಿಧಾನವೇ ಒಳ್ಳೆಯದೇ? ಅಲ್ಲ. ನಿಧಾನಕ್ಕೂ ಬೆಲೆ ಇದೆ. ಟೇಲರನ ಸೂತ್ರದಿಂದ ಬಂದ ಇನ್ನೊಂದು ಲೆಕ್ಕ ಇದೆ, ಅದು ಬಾಪನ "ಯಾವೂರು?" ಪ್ರಶ್ನೆಯೇ. ತುದಿ ಬದಲಿಸಲು ಎಷ್ಟು ಸಮಯ ಹಿಡಿಯುತ್ತದೆ, ಹೊಸ ತುದಿಯ ಬೆಲೆ ಯಂತ್ರದ ಎಷ್ಟು ನಿಮಿಷಕ್ಕೆ ಸಮ, ಎರಡನ್ನೂ ಕೂಡಿಸಿ. ಕಾರ್ಬೈಡ್ ಆದರೆ ಅದರ ಸುಮಾರು ಮೂರು ಪಟ್ಟು ಹೊತ್ತು ತುದಿ ಬಾಳುವಂಥ ವೇಗವೇ ಅತಿ ಕಡಿಮೆ ಖರ್ಚಿನದು. ಬದಲಿಸಲು 2 ನಿಮಿಷ, ತುದಿಯ ಬೆಲೆ 3 ನಿಮಿಷಕ್ಕೆ ಸಮ ಎಂದರೆ ಒಟ್ಟು 5. ತುದಿ 15 ನಿಮಿಷ ಬಾಳುವಂತೆ ಓಡಿಸಿ. ಬದಲಿಸಲು ಅರ್ಧ ಗಂಟೆ ಬೇಕಾಗುವ ಯಂತ್ರವಾದರೆ ವೇಗ ಇಳಿಸಿ, ಹೆಚ್ಚು ಹೊತ್ತು ಬಾಳಿಸಿ. ತುದಿ ಅಗ್ಗ, ಬದಲಿಸುವುದು ಸುಲಭ ಎಂದರೆ ಧೈರ್ಯವಾಗಿ ವೇಗ ಏರಿಸಿ. ಒಟ್ಟಿನಲ್ಲಿ ವೇಗ ಎಷ್ಟಿರಬೇಕು ಎಂಬುದನ್ನು ಉಪಕರಣ ಒಂದೇ ನಿರ್ಧರಿಸುವುದಿಲ್ಲ, ಅದು ಕೈಕೊಟ್ಟಾಗ ಎಷ್ಟು ದೂರ ಹೋಗಬೇಕು ಎಂಬುದೂ ನಿರ್ಧರಿಸುತ್ತದೆ.

ಹಿಂದೂಪುರದಿಂದ ಸ್ವಲ್ಪವೇ ದೂರದಲ್ಲಿ ಲೇಪಾಕ್ಷಿ ಇದೆ. ವಿಜಯನಗರದ ಕಾಲದಲ್ಲಿ, ಹದಿನಾರನೇ ಶತಮಾನದಲ್ಲಿ ಕಟ್ಟಿದ ದೇವಸ್ಥಾನ, ಒಂದೇ ಬಂಡೆಯ ದೊಡ್ಡ ನಂದಿ. ಶಾಲೆಯಿಂದ ನಮ್ಮನ್ನು ಕರೆದೊಯ್ದಾಗ ಎಲ್ಲರೂ ನೇತಾಡುವ ಕಂಬದ ಅಡಿಗೆ ಬಟ್ಟೆ ತೂರಿಸುವುದರಲ್ಲಿದ್ದರು. ಈಗ ಹೋದರೆ ನನಗೆ ಉಳಿಗಳ ಯೋಚನೆ ಬರುತ್ತದೆ. ಗ್ರಾನೈಟ್ ಕೆತ್ತುವ ಉಳಿ ಬೇಗ ಮೊಂಡಾಗುತ್ತದೆ. ಮೊನೆ ಅತಿ ಗಟ್ಟಿಯಾದರೆ ಮುರಿಯುತ್ತದೆ, ಮೆತ್ತಗಾದರೆ ಮಡಚುತ್ತದೆ. ಎಷ್ಟೇ ಒಳ್ಳೆಯ ಉಳಿಯಾದರೂ ದಿನವಿಡೀ ನಿಲ್ಲುವುದಿಲ್ಲ. ಕಲ್ಲಿನ ಕೆಲಸ ನಡೆಯುವಲ್ಲಿ ಕುಲುಮೆಯೂ ಹತ್ತಿರ ಇರಲೇಬೇಕು.

ಆಟದ ವಿಷಯಕ್ಕೆ ಮರಳುತ್ತೇನೆ. ಮೈನ್‌ಕ್ರಾಫ್ಟ್‌ನಲ್ಲಿಯೂ ಕುಲುಮೆ ಇದೆ. ಅಡಿಗಲ್ಲಿನ ಮೇಲೆ, ಅಂದರೆ ಆನ್ವಿಲ್ ಮೇಲೆ ಒಂದು ಕಬ್ಬಿಣದ ಗಟ್ಟಿ ಹಾಕಿದರೆ ಕಬ್ಬಿಣದ ಪಿಕಾಸಿಯ ಕಾಲುಭಾಗ ಬಾಳಿಕೆ ಮರಳುತ್ತದೆ. ಪದೇ ಪದೇ ಮಾಡಿದರೆ ದುರಸ್ತಿಯ ಬೆಲೆ ಏರುತ್ತಾ ಹೋಗಿ ಕೊನೆಗೆ ಆಗುವುದಿಲ್ಲ ಎನ್ನುತ್ತದೆ, ನಿಜವಾದ ಪಿಕಾಸಿಯಂತೆಯೇ. ಉಪಕರಣಕ್ಕೆ ಹೆಚ್ಚುವರಿ ಗುಣ ಕೊಡುವ ಎನ್‌ಚಾಂಟ್‌ಮೆಂಟ್‌ಗಳೂ ಇವೆ. ಅನ್‌ಬ್ರೇಕಿಂಗ್ ಮೂರನೇ ಹಂತ ಸೇರಿಸಿದರೆ ಬಾಳಿಕೆ ಸರಾಸರಿ ನಾಲ್ಕು ಪಟ್ಟು: ಕಬ್ಬಿಣದ 250 ಸುಮಾರು 1000 ಆಗುತ್ತದೆ. ಎಫಿಶಿಯೆನ್ಸಿ ಮೂರನೇ ಹಂತ ಸೇರಿಸಿದರೆ ಅದೇ ಕಬ್ಬಿಣ ಬರೀ ಚಿನ್ನಕ್ಕಿಂತ ವೇಗವಾಗಿ ಅಗೆಯುತ್ತದೆ. ಮೆಂಡಿಂಗ್ ಇದ್ದರೆ ಆಟದಲ್ಲಿ ಗಳಿಸಿದ ಅನುಭವದ ಅಂಕಗಳಿಂದಲೇ ಪಿಕಾಸಿ ತನ್ನಷ್ಟಕ್ಕೆ ಸರಿಯಾಗುತ್ತಾ ಹೋಗುತ್ತದೆ. ಇದನ್ನು ಕೇಳಿದ ಹುಡುಗನ ಮುಖ ಅರಳಿತು. ವೇಗವೂ ಬಾಳಿಕೆಯೂ ಎರಡೂ ಸಿಗುತ್ತವಲ್ಲ!

ಇಲ್ಲಿಯೇ ನನ್ನ ತಕರಾರು ಇರುವುದು. ಆಟ ಮಕ್ಕಳಿಗೆ ಒಂದು ಒಳ್ಳೆಯ ಪಾಠ ಕಲಿಸುತ್ತದೆ, ಒಂದು ತಪ್ಪು ಪಾಠವನ್ನೂ ಕಲಿಸುತ್ತದೆ. ಒಳ್ಳೆಯದೆಂದರೆ ಲೆಕ್ಕ ಹಾಕಿ ಇಳಿಯಬೇಕು ಎಂಬುದು. ತಪ್ಪು ಪಾಠವೆಂದರೆ ವೇಗ ಪುಕ್ಕಟೆ ಎಂಬುದು. ಆಟದ ಪಿಕಾಸಿ ಬ್ಲಾಕ್ ಎಣಿಸಿ ಸವೆಯುತ್ತದೆ, ಬಿಸಿಯಿಂದಲ್ಲ. ಬೇಗ ಅಗೆದರೂ ನಿಧಾನ ಅಗೆದರೂ ಒಂದು ಬ್ಲಾಕಿಗೆ ಒಂದೇ ಅಂಕ. ಎಫಿಶಿಯೆನ್ಸಿ ಸೇರಿಸಿದರೆ ವೇಗ ಏರುತ್ತದೆ, ಒಂದು ಬ್ಲಾಕಿನಷ್ಟೂ ಆಯುಷ್ಯ ಕಡಿಮೆಯಾಗುವುದಿಲ್ಲ. ಲೇತಿನ ಮುಂದೆ ನಾನು ಮಾಡಿದ ತಪ್ಪು ಇದೇ ಅಲ್ಲವೇ? ವೇಗಕ್ಕೆ ಬೆಲೆ ಇಲ್ಲ ಎಂದುಕೊಂಡೆ. ಇನ್ನೊಂದು, ಆಟದಲ್ಲಿ ಪಿಕಾಸಿಯ ಕೆಳಗೆ ಒಂದು ಹಸಿರು ಪಟ್ಟಿ ಇರುತ್ತದೆ. ಸವೆದಂತೆ ಹಳದಿ, ಆಮೇಲೆ ಕೆಂಪು. ಲೋಕದಲ್ಲಿ ಯಾವ ಉಪಕರಣಕ್ಕೆ ಆ ಪಟ್ಟಿ ಇದೆ?

ಮರುದಿನ ರಾತ್ರಿ ಅದಕ್ಕೆ ಉತ್ತರ ಹುಡುಗನಿಗೆ ತಾನಾಗಿ ಸಿಕ್ಕಿತು. ಅಕ್ಕನ ಮನೆಯ ಹಿಂದಿನ ಹೊಲದಲ್ಲಿ ಬೋರ್‌ವೆಲ್ ಲಾರಿ ಬಂದಿತ್ತು. ಕಲ್ಯಾಣದುರ್ಗದ ಕಡೆ ಇದು ಮದುವೆಯಷ್ಟೇ ದೊಡ್ಡ ಸಮಾಚಾರ. ಶೇಂಗಾ ಹೊಲದ ಒಡೆಯ, ಅವನ ಹೆಂಡತಿ, ಅರ್ಧ ಬೀದಿ ಅಲ್ಲಿ ನಿಂತಿತ್ತು. ಅಡಿಗೆ ಇಷ್ಟು ಎಂದು ದುಡ್ಡು, ನೀರು ಸಿಕ್ಕರೂ ಸಿಗದಿದ್ದರೂ. ಕಂಪ್ರೆಸರಿನ ಗಾಳಿ ಒಳಗಿನ ಹ್ಯಾಮರನ್ನು ಬಡಿಯುತ್ತದೆ, ಹ್ಯಾಮರಿನ ತುದಿಯಲ್ಲಿ ಬಿಟ್, ಬಿಟ್ಟಿನ ಮುಖದ ಮೇಲೆ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳು. ಬಿಳಿ ಪುಡಿ ಮೇಲೆ ಹಾರುತ್ತಿತ್ತು. ನಡುವೆ ಆಪರೇಟರ್ ಯಂತ್ರ ನಿಲ್ಲಿಸಿ ರಾಡುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ಎಳೆಸಿ ಬಿಟ್ ತೆಗೆದ. ಹೊಲದ ಒಡೆಯನಿಗೆ ಆತಂಕ, ಯಾಕೆ ನಿಲ್ಲಿಸಿದಿರಿ ಎಂದು. ಆಪರೇಟರ್ ಹೆಬ್ಬೆರಳನ್ನು ಗುಂಡಿಗಳ ಮೇಲೆ ಆಡಿಸಿದ, ತಲೆ ಅಲ್ಲಾಡಿಸಿದ, ಬೇರೆ ಬಿಟ್ ಹಾಕಿಸಿದ.

ಹುಡುಗ ಅವನ ಹತ್ತಿರ ಹೋಗಿ ಕೇಳಿಯೇ ಬಿಟ್ಟ: "ಎಷ್ಟು ಉಳಿದಿದೆ ಅಂತ ಹೇಗೆ ಗೊತ್ತಾಗುತ್ತದೆ?"

ಅವನು ನಕ್ಕ. ಸದ್ದು ಬದಲಾಗುತ್ತದೆ, ಪುಡಿ ನುಣ್ಣಗಾಗುತ್ತದೆ, ಇಳಿಯುವುದು ನಿಧಾನವಾಗುತ್ತದೆ, ಆಗ ತೆಗೆದು ನೋಡಬೇಕು ಎಂದ. ಗುಂಡಿಯ ಉರುಟು ಹೋಗಿ ತಲೆ ಚಪ್ಪಟೆಯಾಗುತ್ತದೆ. ಚಪ್ಪಟೆ ಭಾಗ ಗುಂಡಿಯ ಅಗಲದ ಮೂರನೇ ಒಂದರಷ್ಟಾದಾಗ ಮತ್ತೆ ಉರುಟಾಗಿ ಉಜ್ಜಿಸಬೇಕು. ಆಗಲೇ ಉಜ್ಜಿಸಿದರೆ ಬಿಟ್ ಇನ್ನೂ ಬಹಳ ಬಾಳುತ್ತದೆ. ಇನ್ನೊಂದಿಷ್ಟು ಅಡಿ ಹೋಗಲಿ ಎಂದು ಒತ್ತಿದರೆ ಗುಂಡಿ ಒಡೆಯುತ್ತದೆ, ಬಿಟ್ ಕೆಳಗೇ ಉಳಿದರೆ ತೂತೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು. ಅಗಲದ ಲೆಕ್ಕವೂ ಇದೆ. ಸವೆದ ಬಿಟ್ ಸಣ್ಣದಾಗಿರುತ್ತದೆ, ಅದು ಕೊರೆದ ತೂತೂ ಸಣ್ಣದು. ಅದರೊಳಗೆ ಹೊಚ್ಚಹೊಸ ದೊಡ್ಡ ಬಿಟ್ ಇಳಿಸಿದರೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೇಲೆ ಹೊಸದು, ಕೆಳಗೆ ಹಳೆಯದು. ಯಾವುದನ್ನು ಯಾವಾಗ ಇಳಿಸಬೇಕು ಎಂಬುದು ತೂತು ಶುರುವಾಗುವ ಮೊದಲೇ ಗೊತ್ತಿರಬೇಕು.

ಲಾರಿಯವನಿಗೆ ಅಡಿ ಬೇಗ ಬೇಗ ಇಳಿದಷ್ಟೂ ಲಾಭ. ಆದರೂ ಅವನು ಅರ್ಧ ಗಂಟೆ ಕಳೆದು ರಾಡು ಎಳೆಸಿದ. ನೆಲದ ಕೆಳಗೆ ನೂರಾರು ಅಡಿ ಆಳದಲ್ಲಿ ಬಿಟ್ ಕೈಕೊಟ್ಟರೆ ಮನೆ ಎಷ್ಟು ದೂರ ಎಂಬುದು ಅವನಿಗೆ ಗೊತ್ತಿತ್ತು.

ಈಗ ನನ್ನ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಎರಡು ರೀತಿ ನಡೆಯುತ್ತದೆ. ಕೆಲವರು ಆಟವನ್ನೇ ಕಿತ್ತುಕೊಳ್ಳುತ್ತಾರೆ. ಕೆಲವರು ಮಗು ಸುಮ್ಮನಿದ್ದರೆ ಸಾಕು ಎಂದು ಕೈಗೆ ಕೊಟ್ಟು ಹೋಗುತ್ತಾರೆ. ಎರಡೂ ಬೇಡ ಎನ್ನುತ್ತೇನೆ. ಹೊತ್ತು ಗೊತ್ತು ಇರಲಿ, ನಮಾಝ್, ಓದು, ಊಟದ ಹೊತ್ತಿಗೆ ಮುಚ್ಚಲಿ. ಆದರೆ ತೆರೆದಾಗ ಒಂದು ಪ್ರಶ್ನೆ ಕೇಳಿ: ಇವತ್ತು ಯಾವ ಪಿಕಾಸಿ ಒಯ್ಯುತ್ತೀ, ಯಾಕೆ? ಉತ್ತರ ಲೆಕ್ಕದಲ್ಲಿ ಬರಬೇಕು. ಮನೆಯ ಪಕ್ಕದಲ್ಲಿ, ಕೆಲಸದ ಮೇಜು ಕೈಗೆಟುಕುವಲ್ಲಿ ಅಗೆಯುವುದಾದರೆ ವೇಗದ್ದು ಒಯ್ಯಲಿ, ಮುರಿದರೆ ಮುರಿಯಲಿ. ದೂರ ಹೋಗುವುದಾದರೆ ಬಾಳುವಂಥದ್ದು, ಜೊತೆಗೆ ಇನ್ನೊಂದು ಪಿಕಾಸಿ ಮಾಡಲು ಬೇಕಾದ ಸಾಮಾನು. ಪಟ್ಟಿ ಕೆಂಪಾಗುವ ಮೊದಲೇ ಹಿಂತಿರುಗಲಿ. ಆಮೇಲೆ ಅವನನ್ನು ಗ್ಯಾರೇಜಿಗೋ, ವೆಲ್ಡಿಂಗ್ ಅಂಗಡಿಗೋ, ಬೋರ್‌ವೆಲ್ ಲಾರಿಯ ಹತ್ತಿರವೋ ಕರೆದುಕೊಂಡು ಹೋಗಿ, ಹಸಿರು ಪಟ್ಟಿ ಇಲ್ಲದ ಉಪಕರಣ ಹೇಗಿರುತ್ತದೆ ಎಂದು ತೋರಿಸಿ. ಮುಂದೆ ಡಿಪ್ಲೊಮಾ, ಐಟಿಐ ಸೇರುವ ನಮ್ಮ ಹುಡುಗರಿಗೆ ಇದಕ್ಕಿಂತ ಅಗ್ಗದ ಮೊದಲ ಪಾಠ ಇಲ್ಲ. ನಾನು ಈ ಪಾಠಕ್ಕೆ ಕೊಟ್ಟ ಬೆಲೆ ಇನ್ನೊಬ್ಬನ ಕೆನ್ನೆಯ ಮೇಲಿದೆ.

ಆ ರಾತ್ರಿ ಹೊಲದಲ್ಲಿ ಕೊನೆಗೆ ಪುಡಿ ಒದ್ದೆಯಾಯಿತು, ಆಮೇಲೆ ಕೆಸರು, ಆಮೇಲೆ ಸ್ವಲ್ಪ ನೀರು. ಬಹಳವಲ್ಲ. ಹೊಲದ ಒಡೆಯ ಸಾಕು ಎಂದ. ನಾವು ಮನೆಗೆ ಬಂದೆವು.

ನಾನು ಹಿಂದೂಪುರಕ್ಕೆ ಹೊರಟ ದಿನ ಹುಡುಗ ಮತ್ತೆ ನೆಲದಾಳಕ್ಕೆ ಇಳಿಯುವ ತಯಾರಿಯಲ್ಲಿದ್ದ. ನೋಟ್‌ಪುಸ್ತಕದಲ್ಲಿ ಬರೆದಿದ್ದ: ಕಬ್ಬಿಣದ ಪಿಕಾಸಿ 2, ಕಬ್ಬಿಣದ ಗಟ್ಟಿ 3, ಮರದ ತುಂಡು, ಕೆಲಸದ ಮೇಜು 1, ಟಾರ್ಚ್, ರೊಟ್ಟಿ. ಚಿನ್ನದ ಪಿಕಾಸಿ ಎಲ್ಲಿ ಎಂದು ಕೇಳಿದೆ.

"ಅದು ಮನೆ ಹತ್ತಿರದ ಕೆಲಸಕ್ಕೆ" ಎಂದ.

ಹಿಂದೂಪುರದ ಅಂಗಡಿಯಲ್ಲಿ ಈಗ ಗಲ್ಲಾದ ಮುಂದೆ ಕುಳಿತುಕೊಳ್ಳುವುದು ನನ್ನ ತಮ್ಮ. ಬಾಪ ಮಧ್ಯಾಹ್ನ ಒಂದು ತಾಸು ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಹುಡುಗನ ಕತೆ ಹೇಳಿದೆ. ಅವರಿಗೆ ಆಟವೂ ಅರ್ಥವಾಗಲಿಲ್ಲ, ಟೇಲರೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಪಿಕಾಸಿ ಬೇಕು ಎಂದ. ತಮ್ಮ ಬೆಲೆ ಹೇಳಲು ಬಾಯಿ ತೆರೆದ. ಬಾಪ ಕುರ್ಚಿಯಿಂದಲೇ ಕೇಳಿದರು, "ಯಾವೂರು?"